ಸೃಜನಾತ್ಮಕ ಸ್ವವಿವರ

ಸೃಜನಾತ್ಮಕ ಸ್ವವಿವರ ಅಥವಾ ಕ್ರಿಯೇಟಿವ್ ರೆಸ್ಯೂಮೆ ಎಂಬುದು ಉದ್ಯೋಗಾರ್ಥಿಯು ತನ್ನ ವಿದ್ಯಾರ್ಹತೆ, ಅನುಭವ ಹಾಗೂ ಕೌಶಲಗಳನ್ನು ರೂಢಿಯ ಒಂದೆರಡು ಪುಟಗಳ ಪಟ್ಟಿಗೆ ಬದಲಾಗಿ ಬೇರೊಂದು ರೂಪದಲ್ಲಿ ನಿರೂಪಿಸುವ ಅರ್ಜಿಯಾಗಿದೆ. ಪತ್ರಿಕೆ, ಭಿತ್ತಿಪತ್ರ, ಜಾಲತಾಣ, ವಿಡಿಯೋ, ತಿನಿಸಿನ ಪೊಟ್ಟಣ ಹೀಗೆ ಇದು ಹಲವು ರೂಪಗಳನ್ನು ತಾಳಿದೆ. ವಿನ್ಯಾಸ, ಜಾಹೀರಾತು, ಮಾಧ್ಯಮ ಮತ್ತು ಮಾರುಕಟ್ಟೆ ಕ್ಷೇತ್ರಗಳಲ್ಲಿ ಇದರ ಬಳಕೆ ಹೆಚ್ಚು. ಸ್ವವಿವರವೇ ಮುಂದೆ ಮಾಡಬೇಕಾದ ಕೆಲಸದ ಮಾದರಿಯೂ ಆಗಿರುವಲ್ಲಿ ಇದು ಫಲ ನೀಡುತ್ತದೆ. ಉಳಿದೆಡೆ ಅಲಂಕಾರವೇ ಅಡ್ಡಿಯಾಗುವ ಸಂಭವವಿದೆ.

ಹೆಸರು

ಕನ್ನಡದಲ್ಲಿ ಸ್ವವಿವರ, ವ್ಯಕ್ತಿವಿವರ, ಬಯೋಡೇಟಾ, ಸಿವಿ, ರೆಸ್ಯೂಮೆ ಎಂಬ ಪದಗಳು ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಬಳಕೆಯಲ್ಲಿವೆ. ಬಯೋಡೇಟಾ ಎಂಬ ಪದವು ವಿವಾಹ ಸಂಬಂಧದ ವಿವರಪತ್ರಕ್ಕೂ ಸಲ್ಲುತ್ತದೆ. ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ ಮುಂತಾದ ವಿವರಗಳು ಇಂದಿಗೂ ಉದ್ಯೋಗದ ಅರ್ಜಿಗಳಲ್ಲಿ ನುಸುಳುವುದಕ್ಕೆ ಈ ಬೆರಕೆಯೂ ಒಂದು ಕಾರಣವಿರಬಹುದು.

ಹಿನ್ನೆಲೆ

ಸ್ವವಿವರದ ಚರಿತ್ರೆಯನ್ನು ಸಾಮಾನ್ಯವಾಗಿ ಲಿಯೊನಾರ್ಡೊ ಡಾ ವಿಂಚಿಯ ಪತ್ರದಿಂದ ಆರಂಭಿಸುವುದು ವಾಡಿಕೆ. ಸುಮಾರು 1482ರಲ್ಲಿ ಆತ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನನ್ನು ಉದ್ದೇಶಿಸಿ ಸಿದ್ಧಪಡಿಸಿದ ಪತ್ರದ ಕರಡು ಉಳಿದುಬಂದಿದೆ. ಸುಲಭವಾಗಿ ಸಾಗಿಸಬಲ್ಲ ಸೇತುವೆಗಳು, ಮುತ್ತಿಗೆಯ ಯಂತ್ರಗಳು, ಹೊದಿಕೆಯುಳ್ಳ ಯುದ್ಧರಥಗಳು ಇತ್ಯಾದಿ ಸೈನಿಕ ವಿದ್ಯೆಗಳನ್ನು ಒಂದೊಂದಾಗಿ ಹೇಳಿಕೊಂಡು, ಚಿತ್ರಕಲೆಯನ್ನು ಆತ ಕೊನೆಗೆ ಇರಿಸಿದ್ದಾನೆ. ಪತ್ರದ ರೂಪದಲ್ಲಿ ಯಾವ ವೈಚಿತ್ರ್ಯವೂ ಇಲ್ಲ. ಯುದ್ಧಗಳ ನಡುವೆ ಇದ್ದ ದೊರೆಗೆ ಏನು ಬೇಕೆಂಬುದನ್ನು ಅರಿತು ಬರೆದುದೇ ಅದರ ಹೆಚ್ಚುಗಾರಿಕೆ.

ಕರ್ನಾಟಕದಲ್ಲಿ ಇದಕ್ಕೂ ಎಂಟು ಶತಮಾನಗಳ ಹಿಂದಿನ ಒಂದು ನಿದರ್ಶನ ನೆನಪಿಗೆ ಬರುತ್ತದೆ. ಕ್ರಿ.ಶ. 634ರ ಐಹೊಳೆಯ ಸಂಸ್ಕೃತ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ಆಶ್ರಯದ ಕವಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಮತ್ತು ಭಾರವಿಯರ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಅದು ಉದ್ಯೋಗದ ಅರ್ಜಿಯೇನಲ್ಲ. ಆದರೆ ಆತನ ಹೇಳಿಕೆಯೂ ಅದಕ್ಕೆ ಪುರಾವೆಯಾದ ಕಾವ್ಯವೂ ಒಂದೇ ಕಲ್ಲಿನ ಮೇಲಿವೆ. ಸೃಜನಾತ್ಮಕ ಸ್ವವಿವರದ ತಿರುಳು ಇದೇ ಆಗಿದೆ.

ಬೆಂಗಳೂರಿನ ಎರಡು ಪ್ರಕರಣಗಳು

2017ರಲ್ಲಿ ಬೆಂಗಳೂರಿನ ಯುವಕನೊಬ್ಬ ತನ್ನ ಸ್ವವಿವರವನ್ನು ಜಿಕ್ಯೂ ಎಂಬ ಫ್ಯಾಷನ್ ಪತ್ರಿಕೆಯ ಸಂಚಿಕೆಯಂತೆಯೇ ರೂಪಿಸಿ, ಮುಖಪುಟದಲ್ಲಿ ತನ್ನದೇ ಭಾವಚಿತ್ರವನ್ನು ಇರಿಸಿ, ಅದೇ ಪತ್ರಿಕೆಯ ಬ್ರಿಟಿಷ್ ಆವೃತ್ತಿಗೆ ಕಳುಹಿಸಿದನು. ಆತನಿಗೆ ಸಂದರ್ಶನವಿಲ್ಲದೆಯೇ ಲಂಡನ್ನಿನಲ್ಲಿ ತರಬೇತಿ ಹುದ್ದೆಯ ಆಹ್ವಾನ ಬಂದಿತೆಂದು ಪತ್ರಿಕೆಗಳು ವರದಿ ಮಾಡಿದವು. ಪುಟವಿನ್ಯಾಸ, ಶೀರ್ಷಿಕೆ, ಛಾಯಾಚಿತ್ರಗಳ ಆಯ್ಕೆ ಇವೆಲ್ಲ ಆ ಕಚೇರಿಯ ದಿನನಿತ್ಯದ ಕೆಲಸಗಳೇ ಆಗಿದ್ದುದರಿಂದ, ಕಳುಹಿಸಿದ್ದು ಅರ್ಜಿಯಾಗಿದ್ದರೂ ಓದುವವರಿಗೆ ಅದು ಮುಗಿಸಿದ ಕೆಲಸದಂತೆ ಕಂಡಿತು. ಇದೇ ಹೊತ್ತಗೆಯನ್ನು ಒಂದು ಬ್ಯಾಂಕಿನ ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಎರಡನೆಯ ಪ್ರಕರಣ ಜುಲೈ 2022ರದು. ಬೆಂಗಳೂರಿನಲ್ಲಿ ಉದ್ಯೋಗಾರ್ಥಿಯೊಬ್ಬ ಜೊಮ್ಯಾಟೊ ಆಹಾರ ವಿತರಕನ ಉಡುಪು ಧರಿಸಿ, ಪೇಸ್ಟ್ರಿಯ ಪೆಟ್ಟಿಗೆಯೊಳಗೆ ತನ್ನ ಸ್ವವಿವರವನ್ನಿಟ್ಟು ನವೋದ್ಯಮಗಳ ಕಚೇರಿಗಳಿಗೆ ತಲುಪಿಸಿ, ಆ ಸಂಗತಿಯನ್ನು ಟ್ವಿಟರಿನಲ್ಲಿ ಪ್ರಕಟಿಸಿದನು. ಸಾವಿರಾರು ಜನ ಮೆಚ್ಚಿದರು. ಆದರೆ ಅನುಮತಿಯಿಲ್ಲದೆ ತನ್ನ ವಿತರಕನ ವೇಷ ಧರಿಸಿದ್ದನ್ನು ಜೊಮ್ಯಾಟೊ ಒಪ್ಪಲಿಲ್ಲ. ಕಲ್ಪನೆಯನ್ನು ಹೊಗಳುತ್ತಲೇ ಸೋಗು ಹಾಕಿದ್ದು ಸರಿಯಲ್ಲವೆಂದು ತಿಳಿಸಿತು. ಸಮವಸ್ತ್ರವನ್ನು ನಂಬಿ ಬಾಗಿಲು ತೆರೆಯುವವರ ವಿಶ್ವಾಸ ಇದರಿಂದ ಕುಂದುತ್ತದೆ ಎಂಬುದು ಗಮನಾರ್ಹ ಆಕ್ಷೇಪ. ಅದರ ನಷ್ಟ ಬೀಳುವುದು ಅದೇ ಸಮವಸ್ತ್ರದಲ್ಲಿ ದುಡಿಯುವ ನಿಜವಾದ ವಿತರಕರ ಮೇಲೆ.

ಬೆಳಗಾವಿ ಮತ್ತು ಖಾನಾಪುರ ಪ್ರದೇಶದಲ್ಲಿ

ಖಾನಾಪುರ ತಾಲ್ಲೂಕಿನ ಬೀಡಿ, ನಂದಗಡ ಮೊದಲಾದ ಊರುಗಳ ಪದವೀಧರರಿಗೆ ಹತ್ತಿರದ ದೊಡ್ಡ ಉದ್ಯೋಗಕ್ಷೇತ್ರಗಳೆಂದರೆ ಬೆಳಗಾವಿ ಮತ್ತು ಹುಬ್ಬಳ್ಳಿ-ಧಾರವಾಡ. ಈ ಭಾಗದ ಯುವಜನರು ಅಪೇಕ್ಷಿಸುವ ಸರ್ಕಾರಿ ಹುದ್ದೆ, ಶಿಕ್ಷಕ ಹುದ್ದೆ ಹಾಗೂ ಸೇನಾ ಭರ್ತಿಗಳಲ್ಲಿ ಸೃಜನಾತ್ಮಕ ಸ್ವವಿವರಕ್ಕೆ ಅವಕಾಶವೇ ಇಲ್ಲ. ಅಲ್ಲಿ ನಿಗದಿತ ನಮೂನೆಯನ್ನೇ ಭರ್ತಿ ಮಾಡಬೇಕು.

ಖಾಸಗಿ ಕ್ಷೇತ್ರದ ಮಾತು ಬೇರೆ. ಬೆಳಗಾವಿಯು ಎರಕದ ಕಾರ್ಖಾನೆಗಳಿಗೆ ಹೆಸರಾದ ನಗರ. ಜಿಲ್ಲೆಯ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಇಂತಹ ಕಡೆ ಬಣ್ಣಬಣ್ಣದ ಪುಟಕ್ಕಿಂತ ಅಭ್ಯರ್ಥಿಯೇ ರಚಿಸಿದ ಒಂದು ಯಂತ್ರಚಿತ್ರ, ಎರಕದ ಮಾದರಿಯ ಛಾಯಾಚಿತ್ರ, ಕಂಡುಬಂದ ದೋಷ ಮತ್ತು ಅದನ್ನು ಸರಿಪಡಿಸಿದ ಬಗೆಯನ್ನು ವಿವರಿಸುವ ನಾಲ್ಕು ಸಾಲುಗಳು ಹೆಚ್ಚು ಮಾತನಾಡುತ್ತವೆ. ಹಿಂದಿನ ಕಾರ್ಖಾನೆಯ ಗ್ರಾಹಕರಿಗೆ ಸೇರಿದ ನಕ್ಷೆಗಳನ್ನು ಇದರಲ್ಲಿ ಬಳಸುವಂತಿಲ್ಲ. ಗೋಪ್ಯತೆಯನ್ನು ಮುರಿದವನನ್ನು ಹೊಸ ಮಾಲೀಕನೂ ನಂಬಲಾರ.

ಖಾನಾಪುರವು ಕುಂಬಾರಿಕೆಗೆ ಪ್ರಸಿದ್ಧ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲಿದೆ. ಕುಶಲಕರ್ಮಿಯ ಮಟ್ಟಿಗೆ ಮಾಡಿದ ವಸ್ತುಗಳ ಚಿತ್ರಸಂಪುಟವೇ ಸಹಜವಾದ ಸ್ವವಿವರ. ಪ್ರತಿ ಚಿತ್ರದ ಕೆಳಗೆ ಮಣ್ಣಿನ ಬಗೆ, ಮೆರುಗು, ಸುಟ್ಟ ಉಷ್ಣಾಂಶ ಹಾಗೂ ವಸ್ತುವಿನ ಅಳತೆಯನ್ನು ನಮೂದಿಸಿದರೆ ಓದುವವನಿಗೆ ಕೈಯ ಪಳಗಿದ ಮಟ್ಟ ತಿಳಿಯುತ್ತದೆ. ಕನ್ನಡ ಮತ್ತು ಮರಾಠಿ ಎರಡನ್ನೂ ಬಲ್ಲವರು ಅದನ್ನು ಪುಟದ ತುದಿಯಲ್ಲಿ ಅಡಗಿಸದೆ ಮೇಲ್ಭಾಗದಲ್ಲೇ ಬರೆಯುವುದು ಉಚಿತ. ಗಡಿಭಾಗದ ಮಾರಾಟ, ಬ್ಯಾಂಕಿಂಗ್ ಮತ್ತು ಆಸ್ಪತ್ರೆಯ ಕೆಲಸಗಳಲ್ಲಿ ಅದೊಂದು ನೈಜ ಅರ್ಹತೆ.

ಯಂತ್ರದ ಓದು ಮತ್ತು ಲಿಪಿಯ ತೊಡಕು

ಹಲವು ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ತಂತ್ರಾಂಶವು ಓದುತ್ತದೆ. ಚಿತ್ರದೊಳಗೆ ಸೇರಿದ ಅಕ್ಷರಗಳು ಅನೇಕ ತಂತ್ರಾಂಶಗಳಿಗೆ ಕಾಣುವುದಿಲ್ಲ. ಎರಡು ಅಂಕಣಗಳ ಪುಟದಲ್ಲಿ ಎಡಬಲದ ಸಾಲುಗಳು ಬೆರೆತುಹೋಗುವುದುಂಟು. ಕೌಶಲವನ್ನು ಐದು ನಕ್ಷತ್ರಗಳಲ್ಲಿ ತೋರಿಸುವ ಜನಪ್ರಿಯ ಕ್ರಮದಿಂದ ಯಂತ್ರಕ್ಕಾಗಲಿ ಮನುಷ್ಯನಿಗಾಗಲಿ ಏನೂ ತಿಳಿಯುವುದಿಲ್ಲ.

ಕನ್ನಡದಲ್ಲಿ ಸ್ವವಿವರ ಸಿದ್ಧಪಡಿಸುವವರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ರೂಪದಲ್ಲಿ ಕಳುಹಿಸುವುದೇ ಇದಕ್ಕೆ ಪರಿಹಾರ.

ಮನುಷ್ಯರ ಓದೂ ದೀರ್ಘವಲ್ಲ. ಅಮೆರಿಕದ ಲ್ಯಾಡರ್ಸ್ ಸಂಸ್ಥೆಯು ಕಣ್ಣಿನ ಚಲನೆಯನ್ನು ದಾಖಲಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ನೇಮಕಾತಿದಾರರು ಒಂದು ಸ್ವವಿವರದ ಮೊದಲ ಪರಿಶೀಲನೆಗೆ ವ್ಯಯಿಸುವ ಕಾಲ 2012ರಲ್ಲಿ ಸುಮಾರು 6 ಸೆಕೆಂಡು, 2018ರಲ್ಲಿ 7.4 ಸೆಕೆಂಡು. ಸರಳ ವಿನ್ಯಾಸ ಮತ್ತು ಸ್ಪಷ್ಟ ಶೀರ್ಷಿಕೆಗಳುಳ್ಳ ಪುಟಗಳೇ ಅಲ್ಲಿ ಮೇಲುಗೈ ಪಡೆದವು. ಈ ಕಾರಣದಿಂದ ಅನುಭವಿಗಳು ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತಾರೆ: ಜಾಲದ ಮೂಲಕ ಸಲ್ಲಿಸಲು ಸಾದಾ ಪ್ರತಿ, ವ್ಯಕ್ತಿಯ ಕೈಗೆ ನೇರವಾಗಿ ಕೊಡಲು ಸೃಜನಾತ್ಮಕ ಪ್ರತಿ.

ವಿಡಿಯೋ ಸ್ವವಿವರ

ಜುಲೈ 2021ರಲ್ಲಿ ಟಿಕ್‌ಟಾಕ್ ಅಮೆರಿಕದಲ್ಲಿ ವಿಡಿಯೋ ಸ್ವವಿವರಗಳ ಪ್ರಯೋಗವನ್ನು ನಡೆಸಿತು. ಭಾರತವು ಜೂನ್ 2020ರಲ್ಲಿಯೇ ಆ ಕಿರುತಂತ್ರಾಂಶವನ್ನು ನಿಷೇಧಿಸಿತ್ತು. ವಿಡಿಯೋದಲ್ಲಿ ಮುಖ, ಮೈಬಣ್ಣ, ಉಚ್ಚಾರಣೆಗಳು ಅರ್ಹತೆಗಿಂತ ಮೊದಲೇ ಕಾಣುವುದರಿಂದ ಪೂರ್ವಗ್ರಹಕ್ಕೆ ಎಡೆಯಾಗುತ್ತದೆಂಬ ಟೀಕೆಯಿದೆ. ಗ್ರಾಮೀಣ ಅಭ್ಯರ್ಥಿಗಳ ವಿಷಯದಲ್ಲಿ ಈ ಟೀಕೆ ತಳ್ಳಿಹಾಕುವಂತಹುದಲ್ಲ. ಒಮ್ಮೆ ಹೊರಬಿದ್ದ ವಿಡಿಯೋವನ್ನು ಹಿಂಪಡೆಯುವುದೂ ಕಷ್ಟ. 2006ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಯುಬಿಎಸ್ ಬ್ಯಾಂಕಿಗೆ ಕಳುಹಿಸಿದ, ತನ್ನ ಭಾರ ಎತ್ತುವಿಕೆ ಮತ್ತು ನೃತ್ಯವನ್ನು ಒಳಗೊಂಡ ವಿಡಿಯೋ ಸ್ವವಿವರವು ಆತನ ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಹರಡಿ, ಆತ ಜಗತ್ತಿನಾದ್ಯಂತ ಅಪಹಾಸ್ಯಕ್ಕೆ ಗುರಿಯಾದನು.