ನೆಂಚಿಕೊಳ್ಳೋಕೆ ಏನಿದೆ?

ಪೊಲೆಂಟಾ ಮಾಡೋಕೆ ಬೇಕಾದ್ದು ಮೂರೇ ಸಾಮಾನು: ನೀರು, ಉಪ್ಪು, ಮೆಕ್ಕೆಜೋಳದ ರವೆ. ಉತ್ತರ ಇಟಲಿಯ ಹಳ್ಳಿಮನೆಗಳಲ್ಲಿ ಇದಕ್ಕೆಂದೇ ಒಂದು ತಾಮ್ರದ ಪಾತ್ರೆ ಇರುತ್ತಿತ್ತು, ಪಯೋಲೊ ಅಂತ ಅದರ ಹೆಸರು. ನೀರು ಕುದಿ ಬಂದ ಮೇಲೆ ರವೆಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ, ಮರದ ಕೋಲಿನಿಂದ ಮುಕ್ಕಾಲು ಗಂಟೆ ತಿರುವುತ್ತಾ ಇರಬೇಕು. ಕೈ ನಿಲ್ಲಿಸಿದರೆ ಗಂಟು ಕಟ್ಟುತ್ತೆ, ಮರೆತರೆ ತಳ ಹತ್ತುತ್ತೆ. ಮುದ್ದೆ ತಿರುವಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಗಟ್ಟಿಯಾದ ಮೇಲೆ ಮರದ ಹಲಗೆ ಮೇಲೆ ಕವುಚಿ, ದಾರದಿಂದ ಕೊಯ್ಯುತ್ತಾರೆ. ಮಧ್ಯ ಇಟಲಿಯ ಅಬ್ರುತ್ಸೊ ಕಡೆ ಇನ್ನೂ ಚೆಂದ, ಅಲ್ಲಿ ತಟ್ಟೆಯೇ ಬೇಡ. ಹಲಗೆ ತುಂಬಾ ಪೊಲೆಂಟಾ ಹರಡಿ, ಮೇಲೆ ಟೊಮೆಟೊ ಸಾಸು, ಸಾಸೇಜು ಹಾಕಿ, ಮನೆಮಂದಿಯೆಲ್ಲ ಸುತ್ತ ಕೂತು ತಮ್ಮ ತಮ್ಮ ಅಂಚಿನಿಂದ ನಡುವಿನ ಕಡೆಗೆ ತಿನ್ನುತ್ತಾ ಹೋಗ್ತಾರೆ.

ಅಡುಗೆ ವಿಡಿಯೋದಲ್ಲಿ ಇದನ್ನ ನೋಡಿದರೆ 'ಎಷ್ಟು ಸರಳ, ಎಷ್ಟು ಸುಖ' ಅನ್ನಿಸುತ್ತೆ. ನಿಜಾನೇ. ಆದ್ರೆ ಇದೇ ಊಟ ಸುಮಾರು ನೂರೈವತ್ತು ವರ್ಷ ಉತ್ತರ ಇಟಲಿಯ ರೈತರನ್ನು ಕಾಯಿಲೆಗೆ ಕೆಡವಿದೆ, ಬುದ್ಧಿ ಕೆಡಿಸಿದೆ, ಕೊಂದಿದೆ. ಅದೇ ಪಾತ್ರೆ, ಅದೇ ಹಲಗೆ. ಹಾಗಾದ್ರೆ ವ್ಯತ್ಯಾಸ ಎಲ್ಲಿತ್ತು?

ಪೊಲೆಂಟಾ ಅನ್ನೋ ಹೆಸರು ರೋಮನ್ನರ ಕಾಲದ್ದು. ಆಗ ಅದನ್ನ ಬಾರ್ಲಿಯಿಂದ ಮಾಡುತ್ತಿದ್ದರು. ಆಮೇಲೆ ಸಿರಿಧಾನ್ಯ, ಚೆಸ್ಟ್‌ನಟ್ ಹಿಟ್ಟು, ಬಕ್‌ವೀಟ್, ಹೀಗೆ ಆಯಾ ಊರಿನಲ್ಲಿ ಸಿಕ್ಕಿದ್ದು. ಮಂಜೋನಿಯ ಪ್ರಸಿದ್ಧ ಕಾದಂಬರಿ 'ಇ ಪ್ರೊಮೆಸ್ಸಿ ಸ್ಪೋಸಿ' ನಡೆಯೋದು 1628ರ ಬರಗಾಲದ ಲೊಂಬಾರ್ದಿಯಲ್ಲಿ. ಅದರಲ್ಲಿ ತೋನಿಯೊ ಅನ್ನೋ ಬಡ ರೈತ ಒಲೆ ಮುಂದೆ ಕೂತು ಬೂದು ಬಣ್ಣದ ಬಕ್‌ವೀಟ್ ಪೊಲೆಂಟಾ ತಿರುವುತ್ತಾ ಇದ್ದಾನೆ. ಮನೆಯವರೆಲ್ಲ ಆ ಪಾತ್ರೆಯನ್ನೇ ನೋಡ್ತಾ ಕಾಯ್ತಿದ್ದಾರೆ. ತಿನ್ನೋ ಬಾಯಿ ಜಾಸ್ತಿ, ಪೊಲೆಂಟಾ ಚಿಕ್ಕದು.

ನಮಗೆ ಗೊತ್ತಿರೋ ಹಳದಿ ಪೊಲೆಂಟಾ ಬಂದಿದ್ದು ಅಮೆರಿಕ ಖಂಡದಿಂದ. ಕೊಲಂಬಸ್ ಹೋಗಿಬಂದ ಮೇಲೆ ಮೆಕ್ಕೆಜೋಳ ಯುರೋಪ್ ಸೇರಿತು. 16ನೇ ಶತಮಾನದಲ್ಲೇ ವೆನಿಸ್ ಸುತ್ತಲಿನ ವೆನೆಟೊ ಪ್ರಾಂತ್ಯದ ಹೊಲಗಳಿಗೆ ಬಂತು. ಹೊರಗಿನಿಂದ ಬಂದದ್ದಕ್ಕೆಲ್ಲ 'ಟರ್ಕಿಯದು' ಅನ್ನೋ ರೂಢಿ ಇದ್ದ ಕಾಲ ಅದು. ಹಾಗಾಗಿ ಇದಕ್ಕೂ ಗ್ರಾನೊತುರ್ಕೊ, ಅಂದ್ರೆ ಟರ್ಕಿ ಧಾನ್ಯ, ಅಂತ ಹೆಸರು ಬಿತ್ತು. ಇವತ್ತಿಗೂ ಇಟಲಿಯವರು ಹಾಗೇ ಕರೀತಾರೆ.

ಮೆಕ್ಕೆಜೋಳ ಗೋಧಿಗಿಂತ ಜಾಸ್ತಿ ಇಳುವರಿ ಕೊಡ್ತಿತ್ತು. ಲೆಕ್ಕ ಸುಲಭವಾಯ್ತು: ಗೋಧಿ ಜಮೀನುದಾರನಿಗೆ ಮತ್ತು ಮಾರುಕಟ್ಟೆಗೆ, ಮೆಕ್ಕೆಜೋಳ ರೈತನ ಹೊಟ್ಟೆಗೆ. 18ನೇ ಶತಮಾನದ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಪೊಲೆಂಟಾನೇ. ಮನೆಗೆಲ್ಲ ಸೇರಿ ಒಂದೇ ಒಂದು ಉಪ್ಪುಮೀನನ್ನು ಮೇಜಿನ ಮೇಲೆ ದಾರ ಕಟ್ಟಿ ತೂಗುಹಾಕಿ, ಪ್ರತಿಯೊಬ್ಬರೂ ತಮ್ಮ ತುಂಡನ್ನು ಅದಕ್ಕೆ ಉಜ್ಜಿಕೊಂಡು ತಿಂತಿದ್ದರು ಅನ್ನೋ ಕಥೆ ಉತ್ತರ ಇಟಲಿಯಲ್ಲಿ ಈಗಲೂ ಹೇಳ್ತಾರೆ. ನೆಂಚಿಕೊಳ್ಳೋಕೆ ಅಷ್ಟೇ ಇದ್ದದ್ದು.

ವಸಂತ ಬಂದು ಜನ ಹೊಲಕ್ಕಿಳಿದರೆ ಕೈ, ಕುತ್ತಿಗೆ, ಮುಖದ ಚರ್ಮ ಕೆಂಪಾಗಿ ಒರಟಾಗಿ ಸುಲಿಯುತ್ತಿತ್ತು. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಜನ ಇದನ್ನ 'ಪೆಲ್ಲಾಗ್ರಾ' ಅಂದರು, ಒರಟು ಚರ್ಮ ಅಂತ ಅರ್ಥ. ಫ್ರಾನ್ಚೆಸ್ಕೊ ಫ್ರಾಪೊಲ್ಲಿ ಎಂಬ ವೈದ್ಯ 1771ರಲ್ಲಿ ಅದೇ ಹೆಸರನ್ನು ವೈದ್ಯಕೀಯಕ್ಕೆ ತಂದ. 1786ರಲ್ಲಿ ಆಲ್ಪ್ಸ್ ದಾಟಿ ಇಟಲಿಗೆ ಇಳಿಯುತ್ತಿದ್ದ ಜರ್ಮನ್ ಕವಿ ಗಯಟೆ ಕೂಡ, ದಾರಿಯಲ್ಲಿ ಕಂಡ ಹೆಂಗಸರು ಮಕ್ಕಳ ಬಿಳಿಚಿದ ಮುಖಕ್ಕೆ ಪೊಲೆಂಟಾವೇ ಕಾರಣ ಇರಬೇಕು ಅಂತ ಬರೆದಿಟ್ಟ. 1881ರ ಎಣಿಕೆಯಲ್ಲಿ ಇಟಲಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು ಸಿಕ್ಕರು. ವೆನಿಸ್ ಪಕ್ಕದ ಸಾನ್ ಸೆರ್ವೊಲೊ ದ್ವೀಪದ ಹುಚ್ಚಾಸ್ಪತ್ರೆಗೆ ಸೇರಿದವರಲ್ಲಿ ಎಷ್ಟೋ ಜನರಿಗೆ ಇದ್ದದ್ದು ಇದೇ ಕಾಯಿಲೆ.

ಕೆಟ್ಟುಹೋದ ಮೆಕ್ಕೆಜೋಳದ ವಿಷವೇ ಕಾರಣ ಅಂತ ಚೆಸಾರೆ ಲೊಂಬ್ರೊಸೊ ಥರದ ಹೆಸರಾಂತ ವೈದ್ಯರು ವಾದಿಸಿದರು. ನಿಜ ಕಾರಣ ಹೊರಬಂದಿದ್ದು ತಡವಾಗಿ, ಅಮೆರಿಕದಲ್ಲಿ. 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ಇದು ಅಂಟುರೋಗ ಅಲ್ಲ, ಊಟದ ಕೊರತೆ ಅಂತ ತೋರಿಸುತ್ತಾ ಬಂದ. 1937ರಲ್ಲಿ ಆ ಕೊರತೆಯ ಹೆಸರು ಗೊತ್ತಾಯ್ತು: ನಯಾಸಿನ್, ಅಂದ್ರೆ ಬಿ3 ವಿಟಮಿನ್. ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ, ಆದರೆ ದೇಹಕ್ಕೆ ಸಿಗದ ಹಾಗೆ ಕಟ್ಟಿಕೊಂಡಿದೆ. ಮೆಕ್ಸಿಕೊದ ಜನ ಸಾವಿರಾರು ವರ್ಷ ಅದನ್ನೇ ತಿಂದರೂ ಉಳಿದದ್ದು ಹೇಗೆ? ಅವರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿಟ್ಟು, ಆಮೇಲೆ ಅರೆಯುತ್ತಿದ್ದರು. ಸುಣ್ಣ ಆ ಕಟ್ಟು ಬಿಡಿಸುತ್ತೆ. ಜೊತೆಗೆ ತಟ್ಟೆಯಲ್ಲಿ ಬೀನ್ಸ್ ಇರ್ತಿತ್ತು. ಯುರೋಪಿನವರು ಬೀಜ ತಂದರು, ಬೇಯಿಸೋ ಬಗೆ ತರಲಿಲ್ಲ.

ಇದೇನು ದೂರದ ಕಥೆ ಅಂದ್ಕೋಬೇಡಿ. ನಮ್ಮ ದಖ್ಖನಿನಲ್ಲಿ ಬಿಳಿಜೋಳವನ್ನೇ ನೆಚ್ಚಿಕೊಂಡಿದ್ದ ಬಡವರಲ್ಲೂ ಪೆಲ್ಲಾಗ್ರಾ ಇತ್ತು. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಸಿ. ಗೋಪಾಲನ್ 1960ರಲ್ಲಿ ಅದರ ಬಗ್ಗೆ ಬರೆದರು. ತಪ್ಪು ಜೋಳದ್ದಲ್ಲ. ಜೋಳ ಬಿಟ್ಟರೆ ತಟ್ಟೆಯಲ್ಲಿ ಬೇರೇನೂ ಇರಲಿಲ್ಲ ಅನ್ನೋದೇ ಸಮಸ್ಯೆ.

ಇಟಲಿಯಲ್ಲೂ ಹಾಗೇ ಆಯ್ತು. 20ನೇ ಶತಮಾನದಲ್ಲಿ ಕೂಲಿ ಹೆಚ್ಚಿ, ಬಡವರ ಮನೆಗೂ ಹಾಲು, ಮಾಂಸ, ಗೋಧಿ ಬ್ರೆಡ್ಡು ಬಂದ ಹಾಗೆ ಪೆಲ್ಲಾಗ್ರಾ ಹೋಯಿತು. ಪೊಲೆಂಟಾ ಮಾತ್ರ ಉಳೀತು. ದಕ್ಷಿಣದವರು ಉತ್ತರದವರನ್ನು ಹಂಗಿಸೋಕೆ ಈಗಲೂ 'ಪೊಲೆಂತೋನಿ' ಅಂತಾರೆ, ಪೊಲೆಂಟಾ ತಿನ್ನೋರು ಅಂತ. ಉತ್ತರದವರು ನಕ್ಕು ಮತ್ತೊಂದು ತುಂಡು ಹಾಕ್ಕೋತಾರೆ. ವಿಚೆನ್ಸಾದಲ್ಲಿ ಹಾಲಲ್ಲಿ ನಿಧಾನಕ್ಕೆ ಬೆಂದ ಒಣಮೀನಿನ ಜೊತೆ, ಆವೊಸ್ತಾ ಕಣಿವೆಯಲ್ಲಿ ಚೀಸು ಬೆಣ್ಣೆ ಬೆರೆಸಿ, ಮಿಕ್ಕಿದ್ದನ್ನ ಮಾರನೇ ದಿನ ಹೆಂಚಿನ ಮೇಲೆ ಗರಿಗರಿ ಸುಟ್ಟು.

ನೀವೂ ಒಂದು ಭಾನುವಾರ ಮಾಡಿ ನೋಡಿ. ಮುಕ್ಕಾಲು ಗಂಟೆ ತಿರುವೋಕೆ ಮನೆಯವರೆಲ್ಲ ಸರದಿ ಹಾಕ್ಕೊಳ್ಳಿ, ಹಲಗೆ ಮೇಲೆ ಸುರಿದು ಒಟ್ಟಿಗೆ ತಿನ್ನಿ. ಪಕ್ಕದ ಒಲೆ ಮೇಲೆ ಮಾತ್ರ ನೆಂಚಿಕೊಳ್ಳೋಕೆ ಏನಾದ್ರೂ ಇರಲಿ.