ಹಲ್ಲುಪುಡಿ, ಅವ್ವನ ಬೆರಳು

ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಹಲ್ಲುಜ್ಜುವುದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುತ್ತಿರಲಿಲ್ಲ. ಬೇವಿನ ಕಡ್ಡಿಯನ್ನೋ ಹೊಂಗೆ ಕಡ್ಡಿಯನ್ನೋ ಮುರಿದು, ತುದಿ ಜಗಿದು, ಉಜ್ಜಿ, ಅದನ್ನೇ ಸೀಳಿ ನಾಲಗೆ ಹೆರೆದು ಉಗಿಯುವುದು ದೊಡ್ಡವರನ್ನು ನೋಡಿಯೇ ಬರುತ್ತಿತ್ತು. ಕಡ್ಡಿ ಸಿಗದಿದ್ದರೆ ಹಂಡೆ ಒಲೆಯ ಇದ್ದಿಲು, ಚಿಟಿಕೆ ಉಪ್ಪು. ಇಷ್ಟಕ್ಕೆ ಹಿಡಿಯುವ ಕೈ ಬೇಕು, ಜಗಿಯುವ ದವಡೆ ಬೇಕು, ಉಗಿ ಅಂದರೆ ಉಗಿಯುವ ಬಾಯಿ ಬೇಕು. ಇವು ಮೂರೂ ಒಗ್ಗದ ಮಕ್ಕಳು ಆಗಲೂ ಇದ್ದರು. ಅವರ ಹಲ್ಲಿನ ಕಥೆ ನನಗೆ ಸಿಕ್ಕಿದ್ದು ಅಜ್ಜಿಯರ ಬಾಯಲ್ಲಿ.

ನಾನು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ. ಪೋಲಿಯೊ ಕಾಲೆಳೆದುಕೊಂಡೇ ಮನೆಮನೆ ತಿರುಗುತ್ತೇನೆ. ಪಿಂಚಣಿ, ಗುರುತಿನ ಕಾರ್ಡು, ಗಾಲಿಕುರ್ಚಿ ಎಲ್ಲಕ್ಕೂ ಅರ್ಜಿ ಉಂಟು. ಹಲ್ಲಿನ ಮಾತು ಬರುವುದು ಮಗು ಊಟ ಬಿಟ್ಟಾಗಲೇ.

1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು; ಹಲ್ಲುಪುಡಿ ಬಂದದ್ದು ಅಲ್ಲಿಂದಲೇ. ನಂಜನಗೂಡು ಹಲ್ಲುಪುಡಿಯನ್ನು ನಾಡಿನ ಹೆಮ್ಮೆಯೆಂದು ಹೊಗಳುವವರು ಬಹಳ. ನನಗೆ ಕಾಣುವುದು ಬೇರೆ: ಕಡ್ಡಿಯನ್ನು ಅವರವರೇ ಜಗಿಯಬೇಕು, ಪುಡಿಗೆ ಬೆರಳು ಸಾಕು, ಆ ಬೆರಳು ಇನ್ನೊಬ್ಬರದ್ದಾದರೂ ನಡೆಯುತ್ತದೆ.

ತೆರಕಣಾಂಬಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಹೀಗೇ ಸಾಕಿದವರು. ಹುಟ್ಟಿದಾಗಿನಿಂದ ಮೈ ಬಿಗಿ, ಮಾತಿಲ್ಲ. ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಆ ಮನೆಗೆ ಬಂದದ್ದು ಬಹಳ ತಡವಾಗಿ. ಕೂಸಿಗೆ ಎಣ್ಣೆ ನೀರು ಹಾಕುವ ಹಾಗೆಯೇ ಅಜ್ಜಿ ಜಗಲಿಯ ಮೇಲೆ ಕಾಲು ಚಾಚುತ್ತಿದ್ದರು. ಹುಡುಗನ ತಲೆ ತೊಡೆಗಳ ನಡುವೆ. ಎಡಗೈ ಗಲ್ಲದ ಕೆಳಗೆ. ಪುಡಿ ಅದ್ದಿದ ಬಲಗೈ ಬೆರಳು ಹಲ್ಲುಗಳ ನಡುವೆ ನುಗ್ಗದೆ, ಕೆನ್ನೆ ಮಗ್ಗುಲಿಂದ ಹಿಂದಿನ ದವಡೆಗೆ. “ಬಾಯ್ಗ ಬೆಳ್ಳಿಟ್ರ ಕಚ್ಬುಡ್ತಾನ ಕನಪ್ಪಾ, ಅದ್ಕೇ ಸಂದೀಲಿ ಹೋಗದು.” ಕೆನ್ನೆಯಲ್ಲಿ ಅವಿತಿದ್ದ ಹಿಂದಿನ ರಾತ್ರಿಯ ಮುದ್ದೆಯ ಚೂರೂ ಆ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು. ತಲೆಗೆ ಆಸರೆ ಕೊಡಿ, ಕೆನ್ನೆ ಸರಿಸಿ, ಹೊರಮಗ್ಗುಲಿಂದ ಶುರುಮಾಡಿ ಎಂದು ಇವತ್ತು ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ.

ಹಾಗೆಂದು ಇದ್ದಿಲ ಕಾಲವೇ ಚೆನ್ನಾಗಿತ್ತು ಅನ್ನುವವನಲ್ಲ ನಾನು. ಇದ್ದಿಲು ತರಿ, ಹಲ್ಲಿನ ಮೆರುಗನ್ನೇ ಸವೆಸುತ್ತದೆ. ಹುಳುಕು ತಡೆಯುವ ಫ್ಲೋರೈಡ್ ಅದರಲ್ಲಿಲ್ಲ. ಫ್ಲೋರೈಡ್ ಇರುವ ಪೇಸ್ಟ್ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಉಗಿಯಲು ಬಾರದಿದ್ದರೆ ಬಟ್ಟೆಯಲ್ಲಿ ಒರೆಸಿದರಾಯಿತು. ಬ್ರಷ್ಷಿನ ಹಿಡಿ ಕೈಗೆ ನಿಲ್ಲದಿದ್ದರೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊಡುತ್ತೇನೆ.

ನೈಲಾನ್ ಬ್ರಷ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1938ರಲ್ಲಿ. ಮೂರ್ಛೆಗೆ ಫೆನಿಟಾಯಿನ್ ಕೊಡಲು ಶುರುವಾದದ್ದೂ ಅದೇ ವರ್ಷ. ಈ ‘ಫಿಟ್ಸ್ ಮಾತ್ರೆ’ ನುಂಗುವ ಕೆಲವು ಮಕ್ಕಳಲ್ಲಿ ವಸಡು ಬೆಳೆದು ಹಲ್ಲನ್ನೇ ಮುಚ್ಚುತ್ತದೆ. ಉಜ್ಜಿದರೆ ರಕ್ತ. ಹೆದರಿದ ತಾಯಿ ಬ್ರಷ್ ಎತ್ತಿಡುತ್ತಾಳೆ, ಕೊಳೆ ಕೂತು ವಸಡು ಇನ್ನಷ್ಟು ಉಬ್ಬುತ್ತದೆ. ಮಾತ್ರೆ ನಿಲ್ಲಿಸಬೇಡಿ, ಉಜ್ಜುವುದನ್ನೂ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ ಅಂದರೆ ನಂಬುವುದಕ್ಕೆ ಹೊತ್ತು ಹಿಡಿಯುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಬೆಳವಣಿಗೆಯ ವಿಳಂಬವೂ ಇದೆ, ಹಲ್ಲಿನ ತೊಂದರೆಯೂ ಇದೆ. ಎರಡೂ ಒಂದೇ ಮಗುವಿನಲ್ಲಿದ್ದರೆ ದಿನಾ ಉಜ್ಜುವವರಾರು ಎಂಬುದು ಮಾತ್ರ ಮನೆಯ ಪ್ರಶ್ನೆ. ಚೆಂಡು ಹೂವಿನ ಕಾಲದಲ್ಲಿ ಅವ್ವಂದಿರು ಬೆಳಗಿನ ಜಾವವೇ ಹೊಲದಲ್ಲಿರುತ್ತಾರೆ. ಒಂದೇ ಸಲ ಆಗುವುದಾದರೆ ರಾತ್ರಿ ಊಟದ ಮೇಲೆ ಉಜ್ಜಿ ಎನ್ನುತ್ತೇನೆ. “ರಾತ್ರಿ ಯಾರಾರೂ ಹಲ್ಲುಜ್ಜಾರಾ?” ಎಂದು ಅಜ್ಜಿಯರು ನಗುತ್ತಾರೆ. ಬೇಗೂರು ಕಡೆಯ ಒಂದು ಮನೆಯಲ್ಲಿ ಈಗ ಆ ಪಾಳಿ ಅಪ್ಪನದು.