ಕೊಳ್ಳುವವನನ್ನು ಕಂಡೆವು, ಭೂಮಿಯನ್ನು ಕಾಣಲಿಲ್ಲ: ಟೇಕಲ್ ಸೀಮೆಯ ಕೃಷಿಭೂಮಿ ಖರೀದಿಯ ಒಂದು ವಿವೇಚನೆ

ಬೆಂಗಳೂರಿನ ಪೂರ್ವಕ್ಕೆ ಕೈಗೆಟಕುವ ಬೆಲೆಯ ಜಮೀನು ಹುಡುಕುವವರ ದಾರಿ ಹೊಸಕೋಟೆ, ಮಾಲೂರು ದಾಟಿ ಈಗ ಕೋಲಾರ ಜಿಲ್ಲೆಯ ಟೇಕಲ್ ಹೋಬಳಿಯನ್ನು ಮುಟ್ಟಿದೆ. ಅಲ್ಲಿಂದ ಮುಳಬಾಗಿಲು, ಶ್ರೀನಿವಾಸಪುರದ ಕಡೆಗೂ ಚಾಚಿದೆ. 1864ರಲ್ಲಿ ತೆರೆದ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ಟೇಕಲ್ಲಿನ ಮೂಲಕವೇ ಹೋಗುತ್ತದೆ. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ; ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ನಗರದಿಂದ ದೂರ ಹೋದಂತೆ ಎಕರೆಯ ಬೆಲೆ ಇಳಿಯುವುದು ಸಹಜ. ಆದರೆ ಒಂದೇ ಊರಿನಲ್ಲಿ, ಒಂದೇ ರಸ್ತೆಯ ಬದಿಯಲ್ಲಿ, ಒಂದೇ ಬಗೆಯ ಕೆಂಪುಮಣ್ಣಿನ ಎರಡು ಹೊಲಗಳಿಗೆ ಬೇರೆಬೇರೆ ಬೆಲೆ ಕೂಗುವುದನ್ನು ದೂರದ ಲೆಕ್ಕದಿಂದ ವಿವರಿಸಲಾಗದು. ಈ ಸೀಮೆಯಲ್ಲಿ ಅಗ್ಗವೆನಿಸುವ ಜಮೀನಿನ ಅಗ್ಗಕ್ಕೆ ಬಹುಪಾಲು ಕಾರಣ ಮೂರು: ಮುಗಿಯದ ಪೋಡಿ (ಹಿಸ್ಸೆಗಳ ಅಳತೆ), ತೀರ್ಮಾನವಾಗದ ಹಕ್ಕು, ಖಾತರಿಯಿಲ್ಲದ ನೀರು. ಯಾರು ಕೊಳ್ಳಬಹುದು ಎಂಬ ಪ್ರಶ್ನೆಯ ಸುತ್ತ ಐದು ದಶಕ ಕಾನೂನು ಕಟ್ಟಿದ ನಾವು, ಏನನ್ನು ಮಾರಲಾಗುತ್ತಿದೆ ಎಂಬ ಪ್ರಶ್ನೆಗೆ ಅಷ್ಟೇ ಗಮನ ಕೊಡಲಿಲ್ಲ ಎಂಬುದು ಈ ಲೇಖನದ ವಾದ.

ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಅದರ ಜೊತೆಗೇ 79ಎ ಮತ್ತು 79ಬಿ ಕಲಮುಗಳು ಸೇರಿದವು. ಮೊದಲನೆಯದು ಕೃಷಿಯೇತರ ಆದಾಯ ಮಿತಿ ಮೀರಿದವರಿಗೆ ಕೃಷಿಭೂಮಿ ಕೊಳ್ಳುವ ಬಾಗಿಲು ಮುಚ್ಚಿತು. ಎರಡನೆಯದು ಸ್ವತಃ ಸಾಗುವಳಿ ಮಾಡದವರಿಗೆ ಮುಚ್ಚಿತು. ಆದಾಯದ ಮಿತಿ ಮೊದಲು 12,000 ರೂಪಾಯಿ ಇದ್ದದ್ದು ಹಂತಹಂತವಾಗಿ ಏರಿ 2015ರಲ್ಲಿ 25 ಲಕ್ಷವಾಯಿತು. 2020ರ ಜುಲೈನಲ್ಲಿ ಸುಗ್ರೀವಾಜ್ಞೆಯ ಮೂಲಕ, ಆಮೇಲೆ ಶಾಸನಸಭೆಯ ಒಪ್ಪಿಗೆಯೊಡನೆ, ಈ ಕಲಮುಗಳನ್ನೇ ಕೈಬಿಡಲಾಯಿತು. ಭೂಮಿತಿಯ ನಿಯಮ ಉಳಿಯಿತು. ಕೊಳ್ಳುವವನ ಕಸುಬು ಮತ್ತು ವರಮಾನ ಕೇಳುವ ಅಧಿಕಾರ ಹೋಯಿತು. ಹಳೆಯ ಕಾನೂನಿನ ಸಮರ್ಥಕರೂ ಹೊಸ ಕಾನೂನಿನ ಸಮರ್ಥಕರೂ ಇದನ್ನು ದೊಡ್ಡ ತಿರುವೆಂದೇ ಕಂಡರು. ಆದರೆ ಎರಡೂ ಕಾನೂನುಗಳ ಕಣ್ಣು ನೆಟ್ಟದ್ದು ಕೊಳ್ಳುವವನ ಮೇಲೆ. ಜಮೀನಿನ ಕಾಗದ, ಗಡಿ, ನೀರು ಇವೆಲ್ಲ ಆಗಲೂ ಈಗಲೂ ವ್ಯವಹಾರಸ್ಥರ ತಲೆಗೇ ಬಿಟ್ಟ ವಿಷಯಗಳು.

ಮೊದಲು ಗಡಿಯ ಮಾತು. ಸರ್ಕಾರಿ ಜಮೀನನ್ನು ದರಖಾಸ್ತಿನಲ್ಲಿ ಮಂಜೂರು ಮಾಡಿದಾಗ ಒಂದು ಸರ್ವೆ ನಂಬರಿನೊಳಗೆ ಹಲವರಿಗೆ ಎರಡು, ಮೂರು ಎಕರೆಯಂತೆ ಸಾಗುವಳಿ ಚೀಟಿ ಸಿಗುತ್ತದೆ. ಪ್ರತಿಯೊಬ್ಬರ ಹಿಸ್ಸೆಯನ್ನು ಅಳೆದು, ನಕಾಶೆ ಬರೆದು, ಬೇರೆ ನಂಬರು ಕೊಡುವ ಪೋಡಿ ಮತ್ತು ದುರಸ್ತಿ ಕೆಲಸ ದಶಕಗಟ್ಟಲೆ ಬಾಕಿ ಉಳಿದ ಉದಾಹರಣೆಗಳು ರಾಜ್ಯದ ಎಲ್ಲೆಡೆ ಇವೆ. ಪೋಡಿಮುಕ್ತ ಗ್ರಾಮದ ಅಭಿಯಾನಗಳನ್ನು ಸರ್ಕಾರವೇ ನಡೆಸಬೇಕಾಗಿ ಬಂದದ್ದು ಇದಕ್ಕೆ ಸಾಕ್ಷಿ. ಹೀಗೆ ಒಂದೇ ಪಹಣಿಯಲ್ಲಿ ಹತ್ತಾರು ಹೆಸರು ಕೂಡಿಕೊಂಡಿರುತ್ತವೆ. ಮಂಜೂರಾದ ವಿಸ್ತೀರ್ಣಗಳನ್ನೆಲ್ಲ ಕೂಡಿದರೆ ಕೆಲವೊಮ್ಮೆ ಮೂಲ ಸರ್ವೆ ನಂಬರಿನ ವಿಸ್ತೀರ್ಣವನ್ನೇ ಮೀರುತ್ತದೆ. ಟೇಕಲ್ಲಿನಂತಹ ಬಂಡೆಗುಡ್ಡಗಳ ನೆಲದಲ್ಲಿ ತೊಡಕು ಇನ್ನೂ ಹೆಚ್ಚು: ಬಂಡೆ, ಕಲ್ಲುಗಣಿ, ಗೋಮಾಳ, ಖರಾಬುಗಳ ನಡುನಡುವೆ ಸಾಗುವಳಿ ಹಬ್ಬಿದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಬೇಕು. ಪೋಡಿಯಾಗದ ಕಡೆ ಅದು ಸುಲಭವಾಗಿ ಸಿಗುವುದಿಲ್ಲ. ಆಗ ಕ್ರಯಪತ್ರದ ಜಾಗದಲ್ಲಿ ಕರಾರುಪತ್ರ, ಜಿಪಿಎ ಎಂಬ ಮುಖ್ತ್ಯಾರನಾಮೆಗಳು ಬರುತ್ತವೆ. ಬೆಲೆ ಇಳಿಯುವುದೂ ಅಲ್ಲೇ.

ಎರಡನೆಯದು ಹಕ್ಕು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 30ಕ್ಕೂ ಹೆಚ್ಚು. ರಾಜ್ಯದ ಜಿಲ್ಲೆಗಳಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ. ಅವರಿಗೆ ಮಂಜೂರಾದ ಜಮೀನನ್ನು ಪರಭಾರೆಯಿಂದ ಕಾಯಲು 1978ರ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾತಿಯ ಷರತ್ತು ಮೀರಿದ ಅಥವಾ ಸರ್ಕಾರದ ಪೂರ್ವಾನುಮತಿಯಿಲ್ಲದ ವರ್ಗಾವಣೆ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ಮರಳಿ ಪಡೆದು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸಬಹುದು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಬಹಳ ತಡವಾಗಿ ಬಂದ ಅರ್ಜಿಗಳನ್ನು ಮಾನ್ಯ ಮಾಡಲಾಗದೆಂದಿತು. ಅದಕ್ಕೆ ಉತ್ತರವಾಗಿ 2023ರಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಿತು. ಇದರ ಜೊತೆಗೆ ಹೆಣ್ಣುಮಕ್ಕಳ ಪಾಲು. ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟವು. 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಗಟ್ಟಿಗೊಳಿಸಿತು. ಅಣ್ಣತಮ್ಮಂದಿರು ಮಾತ್ರ ರುಜು ಹಾಕಿದ ಪಾಲುಪಟ್ಟಿಯ ಮೇಲೆ ನಿಂತ ಖಾತೆ ಅಗ್ಗವಾಗಿ ಸಿಕ್ಕಿದರೆ, ಆ ರಿಯಾಯಿತಿಯನ್ನು ತೆತ್ತವಳು ರುಜು ಕೇಳಿಸಿಕೊಳ್ಳದ ಅಕ್ಕನೋ ತಂಗಿಯೋ ಆಗಿರುತ್ತಾಳೆ.

ಮೂರನೆಯದು ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಮಳೆಯ ಹೊಳೆಗಳಾಗಿ ಉಳಿದಿವೆ. ಕೆರೆಗಳ ಜಿಲ್ಲೆ ಕೊಳವೆಬಾವಿಗಳ ಜಿಲ್ಲೆಯಾಗಿ, ಅಂತರ್ಜಲದ ಅತಿಬಳಕೆಯ ಪಟ್ಟಿ ಸೇರಿತು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಹೊಲದಲ್ಲಿ ಬಿದ್ದ ನೀರು ಪಕ್ಕದ ಹೊಲದಲ್ಲಿ ಸಾವಿರ ಅಡಿ ಕೊರೆದರೂ ಸಿಗದಿರಬಹುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರನ್ನು ಕೆರೆಗಳಿಗೆ ತುಂಬಿಸುವ ಯೋಜನೆ 2018ರಲ್ಲಿ ನೀರು ಹರಿಸತೊಡಗಿತು. 126 ಕೆರೆಗಳು ಅದರ ಗುರಿ. ಯಾವ ಕೆರೆಗೆ ನೀರು ಬರುತ್ತದೆ, ಯಾವುದಕ್ಕೆ ಇಲ್ಲ ಎಂಬುದೂ ಈಗ ಜಮೀನಿನ ಯೋಗ್ಯತೆಯನ್ನು ನಿರ್ಧರಿಸುತ್ತದೆ. ಆದರೆ ಪಹಣಿಯ ಬೆಳೆಕಾಲಂ ಓದಿ ಇದನ್ನು ತಿಳಿಯಲಾಗದು. ಟೊಮೆಟೊ, ಹಿಪ್ಪುನೇರಳೆ, ಮಾವು ಮೂರೂ ಬೆಳೆಯುವ ಸೀಮೆ ಎಂಬ ಹೆಸರು ನೋಡಿ ಖುಷ್ಕಿ ಕೊಂಡವನಿಗೆ ಮೊದಲ ಬೇಸಿಗೆಯಲ್ಲೇ ತನ್ನ ಎಕರೆಯ ನಿಜವಾದ ಬೆಲೆ ಗೊತ್ತಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: 2000ದಲ್ಲಿ ಶುರುವಾದ ‘ಭೂಮಿ’ ಯೋಜನೆ ಪಹಣಿಗಳನ್ನು ಗಣಕೀಕರಿಸಿತು, ನೋಂದಣಿಗೆ ‘ಕಾವೇರಿ’ ತಂತ್ರಾಂಶ ಬಂತು, ದಾಖಲೆ ಬೆರಳ ತುದಿಯಲ್ಲಿರುವಾಗ ಹಕ್ಕಿನ ಅನಿಶ್ಚಯವೆಲ್ಲಿ? ಭೂಮಿ ಯೋಜನೆ ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಮೇಲಿನ ಅವಲಂಬನೆಯನ್ನು ಮುರಿದದ್ದು ದೊಡ್ಡ ಸಾಧನೆ. ಅದನ್ನು ಕಿರಿದು ಮಾಡಬೇಕಿಲ್ಲ. ಆದರೆ 1964ರ ಭೂಕಂದಾಯ ಕಾಯ್ದೆಯ 133ನೆಯ ಕಲಮಿನಂತೆ ಪಹಣಿಯ ನಮೂದು ತಪ್ಪೆಂದು ತೋರಿಸುವವರೆಗೆ ಮಾತ್ರ ನಿಜವೆಂದು ಭಾವಿಸತಕ್ಕದ್ದು. ಅದು ಸ್ವಾಮ್ಯಕ್ಕೆ ಸರ್ಕಾರ ಕೊಟ್ಟ ಖಾತರಿಯಲ್ಲ. ನೋಂದಣಿ ಕಚೇರಿಯೂ ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಗಣಕ ಹಳೆಯ ನಮೂದನ್ನು ಬೇಗ ತೋರಿಸಿತು. ಬಾಕಿ ಅಳತೆಯನ್ನು ಅಳೆಯಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ನೈತಿಕ ಬಲವಿದೆ. ಸಾಲಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಜಮೀನು ಮಾರುವ ರೈತನಿಗೆ ಕೊಳ್ಳುವವರ ಸಂಖ್ಯೆ ಹೆಚ್ಚಿದರೆ ಒಳ್ಳೆಯ ಬೆಲೆ ಸಿಗುತ್ತದೆ. 79ಎ, 79ಬಿಗಳು ಅಧಿಕಾರಿಗಳ ಲಂಚಕ್ಕೂ ಬೇನಾಮಿ ವ್ಯವಹಾರಕ್ಕೂ ದಾರಿಯಾಗಿದ್ದವು. ಪಿಟಿಸಿಎಲ್ ದಲಿತನ ಜಮೀನಿನ ಬೆಲೆಯನ್ನೇ ಕುಗ್ಗಿಸುತ್ತದೆ ಎನ್ನುವವರಿದ್ದಾರೆ. ಹಳೆಯ ಕಲಮುಗಳ ದುರುಪಯೋಗದ ಮಾತನ್ನು ಒಪ್ಪಬೇಕು. ಆದರೆ ಹೊಸ ಗಿರಾಕಿಗಳ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಜಮೀನಿನ ದಾಖಲೆಯ ಸ್ಥಿತಿ. ಪೋಡಿಯಾದ, ಚಕ್ಕುಬಂದಿ ಸ್ಪಷ್ಟವಿರುವ ಹೊಲದ ಒಡೆಯ ನೇರವಾಗಿ ಚೌಕಾಸಿ ಮಾಡಬಲ್ಲ. ಪೋಡಿಯಾಗದ ಹೊಲದವನು ಕಚೇರಿ ಸುತ್ತುವ ಶಕ್ತಿಯಿಲ್ಲದೆ ಮಧ್ಯವರ್ತಿಗೆ ಕರಾರು ಬರೆದುಕೊಡುತ್ತಾನೆ. ಕಾಗದ ಸರಿಪಡಿಸಿಕೊಂಡ ಮಧ್ಯವರ್ತಿ ಏರಿದ ಬೆಲೆಗೆ ಮಾರುತ್ತಾನೆ. ನಡುವಿನ ವ್ಯತ್ಯಾಸ ಸರ್ಕಾರ ಮಾಡದೆ ಬಿಟ್ಟ ಕೆಲಸದ ಕೂಲಿ. ಪಿಟಿಸಿಎಲ್ ವಿಷಯದಲ್ಲೂ ಅಷ್ಟೆ. ಕಾಯ್ದೆ ಅನುಮತಿ ಪಡೆದು ಮಾರುವ ದಾರಿಯನ್ನು ಮುಚ್ಚಿಲ್ಲ. ಅನುಮತಿ ಇಲ್ಲದೆ ಕೊಂಡವನಿಗೆ ಸಿಕ್ಕ ಅಗ್ಗದ ಬೆಲೆಯನ್ನು ಮುಂದಿಟ್ಟುಕೊಂಡು, ಆ ಜಮೀನಿನ ರಕ್ಷಣೆಯನ್ನೇ ತಪ್ಪೆನ್ನುವುದು ನ್ಯಾಯವಲ್ಲ.

ಹಾಗಾದರೆ ಕೊಳ್ಳುವವನನ್ನು ಏನೂ ಕೇಳಬಾರದೇ? ಇಲ್ಲಿ ಇಂಡೋನೇಷ್ಯಾದ ಅನುಭವ ಉಪಯುಕ್ತ. ಅಲ್ಲಿನ 1960ರ ಮೂಲ ಕೃಷಿಭೂಮಿ ಕಾನೂನು ವಿದೇಶಿಯರಿಗೆ ಪೂರ್ಣ ಸ್ವಾಮ್ಯವನ್ನು ನಿರಾಕರಿಸಿತು. ಕೃಷಿಭೂಮಿಯ ಒಡೆಯ ಅದನ್ನು ಸ್ವತಃ ಸಕ್ರಿಯವಾಗಿ ದುಡಿಸಬೇಕೆಂದಿತು. 1961ರ ನಿಯಮ, ಜಮೀನಿರುವ ಉಪಜಿಲ್ಲೆಯಾದ ‘ಕೆಚಮಾತನ್’ನ ಹೊರಗೆ ವಾಸಿಸುವವರು ಅದನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಅಲ್ಲೂ ಪಾಲನೆ ಸಡಿಲವಾಗಿಯೇ ನಡೆದಿದೆ. ಆದರೂ ಆ ನಿಯಮ ಕೇಳುವ ಪ್ರಶ್ನೆ ನಮ್ಮದಕ್ಕಿಂತ ಸರಿಯಾದದ್ದು. 79ಬಿ ಆಚರಣೆಯಲ್ಲಿ ಕುಟುಂಬದ ಹಳೆಯ ಪಹಣಿ ಕೇಳುವ ಮಟ್ಟಕ್ಕೆ ಇಳಿಯಿತು. ತಾತನ ಹೆಸರಿನಲ್ಲಿ ಎಲ್ಲೋ ಜಮೀನಿದ್ದ ನಗರವಾಸಿ ರೈತನೆನಿಸಿಕೊಂಡ. ಇಂಡೋನೇಷ್ಯಾದ ನಿಯಮ ಕೇಳುವುದು ಇಂದಿನ ವಾಸ ಮತ್ತು ದುಡಿಮೆಯನ್ನು. ಹುಟ್ಟನ್ನು ಬಿಟ್ಟು ಬಳಕೆಯನ್ನು ಕೇಳುವ ಕಾನೂನು ನಮಗೂ ಸಾಧ್ಯ: ಕೊಂಡ ಕೃಷಿಭೂಮಿ ನಿಗದಿತ ವರ್ಷಗಳವರೆಗೆ ಸಾಗುವಳಿಯಲ್ಲಿರಬೇಕು, ಬೀಳುಬಿಟ್ಟರೆ ಸ್ಥಳೀಯರಿಗೆ ಗುತ್ತಿಗೆ ಕೊಡಬೇಕು.

ಈ ವಿವೇಚನೆ ಮೂರು ಕೆಲಸಗಳತ್ತ ಕೈತೋರಿಸುತ್ತದೆ. ಟೇಕಲ್‌ನಂತಹ ಒತ್ತಡದ ಹೋಬಳಿಗಳಲ್ಲಿ ದರಖಾಸ್ತು ಜಮೀನಿನ ಪೋಡಿಯನ್ನು ಅರ್ಜಿಗೆ ಕಾಯದೆ, ಮಂಜೂರುದಾರರಿಗೆ ಖರ್ಚಿಲ್ಲದೆ ಸರ್ಕಾರವೇ ಮುಗಿಸಬೇಕು. ಪ್ರತಿ ಪಹಣಿಯಲ್ಲೂ ಆ ಜಮೀನು ಮಂಜೂರಾತಿಯದೇ, ಪಿಟಿಸಿಎಲ್‌ಗೆ ಒಳಪಟ್ಟಿದೆಯೇ ಎಂಬುದು ಎದ್ದುಕಾಣುವಂತೆ ನಮೂದಾಗಬೇಕು. ಕ್ರಯಕ್ಕೆ ಮುಂಚೆ ಕೊಳವೆಬಾವಿಗಳ ಆಳ ಮತ್ತು ಇಳುವರಿಯ ಘೋಷಣೆ ಕಡ್ಡಾಯವಾಗಬೇಕು. ಇವು ಆಗುವವರೆಗೆ ಈ ಸೀಮೆಯಲ್ಲಿ ಜಮೀನು ಕೊಳ್ಳಬಯಸುವವರು ಮುಂಗಡ ಕೊಡುವ ಮೊದಲು ಮೂಲ ಮಂಜೂರಾತಿ ಕಡತ, ಪೋಡಿ ನಕಾಶೆ, ವಂಶವೃಕ್ಷದ ಹೆಣ್ಣುಮಕ್ಕಳ ಒಪ್ಪಿಗೆ ಇವುಗಳನ್ನು ಕೇಳಲಿ. ಇವು ಸಿಗದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದೆ ಸರಿಯಲಿ. ಆ ಕಡಿಮೆ ಬೆಲೆಯ ಉಳಿದ ಭಾಗವನ್ನು ಬೇರೊಬ್ಬರು ತಮ್ಮ ಹಕ್ಕು ಕಳೆದುಕೊಂಡು ಕಟ್ಟಿರುತ್ತಾರೆ.